ಕಾರು ನನ್ನದು, ಸ್ಟೇರಿಂಗ್ ಹಿಡಿದವನು ಷಡ್ಡಕ

ನಿಮಗೆ ಹೀಗಾಗಿದೆಯಾ, ನಿಜ ಹೇಳಿ. ನಿಮ್ಮ ಮನೆಯದೇ ಶುಭಕಾರ್ಯ. ಕಾರನ್ನು ಗೇಟಿನ ಪಕ್ಕ ನಿಲ್ಲಿಸಿದ್ದೀರಿ. ವಿಡಿಯೋದವನು ಬಂದು, "ಸಾರ್, ಸ್ವಲ್ಪ ಆ ಕ್ರಾಸಲ್ಲಿ ಹಾಕ್ಬಿಡಿ, ಫ್ರೇಮಲ್ಲಿ ಬರ್ತಿದೆ" ಅನ್ನುತ್ತಾನೆ. ನೀವು ನಗುತ್ತಲೇ ಹೋಗಿ ಕಾರು ತೆಗೆಯುತ್ತೀರಿ. ವಾಪಸ್ ಬಂದು ನೋಡಿದರೆ ನಿಮ್ಮ ಜಾಗದಲ್ಲಿ ಇನ್ನೊಬ್ಬನ ಕಾರು. ಆ ಇನ್ನೊಬ್ಬ ಯಾರೋ ಆಗಿದ್ದರೆ ಸಹಿಸಬಹುದು. ಅವನು ನಿಮ್ಮ ಷಡ್ಡಕ.

ನನಗಾಗಿದೆ. ಯಶವಂತಪುರದಲ್ಲಿ ಮೆಟ್ರೋ ಕಂಬಗಳು ಎದ್ದು ನಿಂತು, ರೈಲು ಮಾತ್ರ ಇನ್ನೂ ಬಂದಿರದ ಕಾಲ. ಯಲಹಂಕದ ಅತ್ತೆ ಮನೆಯಲ್ಲಿ ನನ್ನ ಹೆಂಡತಿಯ ಕೊನೆಯ ತಂಗಿಯ ನಿಶ್ಚಿತಾರ್ಥ. ವಿಡಿಯೋದವನಿಗೆ ಬೇಡವಾದದ್ದು ನನ್ನ ಕೆಂಪು ಕಾರು. ಕೆಂಪು ಅಂತ ಆರ್‌ಸಿ ಪುಸ್ತಕದಲ್ಲಿತ್ತು, ಅಷ್ಟೆ. ವಿದ್ಯಾರಣ್ಯಪುರದ ನಮ್ಮ ಮನೆಗೆ ಶೆಡ್ ಇಲ್ಲ. ಕಾರು ರಸ್ತೆಯಲ್ಲೇ, ಬಿಸಿಲಲ್ಲೇ. ಅದರ ಟಾಪು, ಬಾನೆಟ್ಟು ಎರಡೂ ಒಗೆದು ಒಗೆದು ಬಣ್ಣ ಬಿಟ್ಟ ಲಂಗದ ಹಾಗಾಗಿದ್ದವು. ಅದನ್ನಾದರೂ ಹೇಗೋ ಸಹಿಸಿದ್ದೆ. ಆಮೇಲೊಂದು ಬೇಸಿಗೆಯಲ್ಲಿ ಪೇಂಟು ಅಲ್ಲಲ್ಲಿ ಉಬ್ಬಿ, ಒಡೆದು, ಸಿಪ್ಪೆ ಸಿಪ್ಪೆಯಾಗಿ ಏಳತೊಡಗಿತು. ಬೀದಿಯ ಮಕ್ಕಳು ಶಾಲೆಗೆ ಹೋಗುವಾಗ ಒಂದು ಕ್ಷಣ ನಿಂತು, ಒಂದು ಸಿಪ್ಪೆ ಕಿತ್ತು, ಖುಷಿಯಾಗಿ ಮುಂದೆ ಹೋಗುತ್ತಿದ್ದವು.

ಷಡ್ಡಕನ ಕಾರು ಬೆಳ್ಳಿ ಬಣ್ಣದ್ದು. ನನ್ನದಕ್ಕಿಂತ ಹಳೆಯದು. "ಅವ್ನ್ ಕಾರು ನನ್ನದಕ್ಕಿಂತ ಹಳೇದು ಗೊತ್ತಾ" ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಕೇಳಿದವರೆಲ್ಲ "ಹೌದಾ, ಎಷ್ಟ್ ಚೆನ್ನಾಗಿ ಇಟ್ಕೊಂಡಿದಾನೆ" ಅನ್ನುತ್ತಿದ್ದರು. ಹಾಗೆ ಹೇಳುವುದನ್ನು ಆಮೇಲೆ ನಿಲ್ಲಿಸಿದೆ. ಅವನ ಮನೆ ಟಿ. ದಾಸರಹಳ್ಳಿಯಲ್ಲಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಕಪಾಟುಗಳಿಗೆ ಬಣ್ಣ ಹೊಡೆಯುವ ವಿಭಾಗದ ಸೂಪರ್‌ವೈಸರ್. ಭಾನುವಾರ ಬೆಳಗ್ಗೆ ಹಳೇ ಬನಿಯನ್ ಒದ್ದೆ ಮಾಡಿಕೊಂಡು ಕಾರು ಒರೆಸುತ್ತಾನೆ. ಒಣಗಿದ ಮೇಲೆ ಕವರ್ ಹೊದಿಸುತ್ತಾನೆ. ಮಗುವಿಗೆ ಹೊದಿಸುವ ಹಾಗೆ, ಮೂಲೆ ಮೂಲೆ ಎಳೆದು. ತಲೆ ತುಂಬ ಕೂದಲು ಬೇರೆ. ನನ್ನ ತಲೆ ಮತ್ತು ನನ್ನ ಕಾರಿನ ಟಾಪು ಒಂದೇ ಸಮಯಕ್ಕೆ ಬೋಳಾಗುತ್ತಿದ್ದಾಗ ಅವನದು ಎರಡೂ ಹಾಗೇ ಇದ್ದವು.

ಅತ್ತೆ ಮನೆಯಲ್ಲಿ ಒಂದು ಪದ್ಧತಿ ಇದೆ. ಮದುವೆ ಹುಡುಗಿಯನ್ನು ಮನೆಯಿಂದ ಛತ್ರಕ್ಕೆ ಹಿರಿ ಅಳಿಯನ ಗಾಡಿಯಲ್ಲೇ ಕರೆದುಕೊಂಡು ಹೋಗಬೇಕು. ನಮ್ಮತ್ತೆ ಹೆಸರಘಟ್ಟದಿಂದ ತಮ್ಮ ದೊಡ್ಡ ಭಾವನ ಹಾಲಿನ ವ್ಯಾನಿನಲ್ಲಿ ಬಂದವರು. ಷಡ್ಡಕನ ಮದುವೆಯಲ್ಲಿ ಅವನ ಹೆಂಡತಿಯನ್ನು ಛತ್ರಕ್ಕೆ ತಂದು ಇಳಿಸಿದವನು ನಾನು, ಇದೇ ಕೆಂಪು ಕಾರಿನಲ್ಲಿ. ಆಗ ಬಾನೆಟ್ಟಿನಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಛತ್ರದ ಬಾಗಿಲಲ್ಲಿ ನಾನು ಬ್ರೇಕ್ ಹಾಕಿದಾಗ ಓಲಗದವರು ಜೋರಾಗಿ ಊದಿದ್ದು, ಎರಡೂ ಕಡೆಯ ಜನ ಕಾರಿನ ಸುತ್ತ ಸೇರಿದ್ದು, ಎಲ್ಲರ ಕಣ್ಣೂ ಮೊದಲು ನನ್ನ ಮೇಲೆ ಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಮನೆಯಲ್ಲಿ ನಾನು ದೊಡ್ಡಳಿಯ ಅಂತ ಊರಿಗೆಲ್ಲ ಗೊತ್ತಾಗುವುದು ಆ ಒಂದು ಗಳಿಗೆಯಲ್ಲಿ.

ನಿಶ್ಚಿತಾರ್ಥದ ಊಟಕ್ಕೆ ಕೂತಿದ್ದೆವು. ಅತ್ತೆ ಬಡಿಸುತ್ತಾ ಬಂದು ನನ್ನ ಎದುರು ನಿಂತರು.

"ದೊಡ್ಡಳಿಯಂದ್ರೇ, ಬೇಜಾರ್ ಮಾಡ್ಕೋಬೇಡಿ. ಈ ಸಲ ಹುಡುಗೀನ ಚಿಕ್ಕಳಿಯಂದ್ರ ಕಾರಲ್ಲಿ ಕರ್ಕೊಂಡ್ ಹೋಗೋಣ. ಗಂಡಿನ ಕಡೆಯೋರು ಸ್ವಲ್ಪ ಅನುಕೂಲಸ್ಥರು."

"ಯಾಕತ್ತೆ, ನನ್ ಕಾರಿಗೇನಾಗಿದೆ?"

ಅತ್ತೆ ನನ್ನ ಎಲೆಯ ಮೇಲೆ ಉಬ್ಬಿಕೊಂಡು ಬಿದ್ದಿದ್ದ ಹಪ್ಪಳದ ಕಡೆ ನೋಡಿದರು. ಸಾಲಿನಲ್ಲಿ ಕೂತಿದ್ದವರಿಗೆಲ್ಲ ಅರ್ಥವಾಯಿತು.

ಪಕ್ಕದ ಎಲೆಯಲ್ಲಿದ್ದ ಷಡ್ಡಕ ತಲೆಯೆತ್ತಿ, "ಇಲ್ಲ ಅತ್ತೆ, ಭಾವನ್ ಕಾರೇ ಇರ್ಲಿ. ಪದ್ಧತಿ ಬಿಡೋದ್ಬೇಡ" ಅಂದ.

ನೋಡಿ, ಅವನ ಬಗ್ಗೆ ನನ್ನ ತಕರಾರು ಇದೇ. ಒಂದು ಸಲವಾದರೂ ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಯುರಿಗೆ ಒಂದು ನ್ಯಾಯ ಇರುತ್ತಿತ್ತು.

"ಪೇಂಟ್ ಮಾಡಿಸ್ತೀನಿ. ಮದುವೆ ಹೊತ್ತಿಗೆ ನೀವೇ ನೋಡಿ" ಅಂದೆ.

"ಮಾಡ್ಸಿ ತೋರ್ಸಿ. ಆಮೇಲ್ ನೋಡಣ" ಅಂದರು ಅತ್ತೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮಾವ ತೀರಿಕೊಂಡು ಕೆಲವು ವರ್ಷವಾಗಿತ್ತು. ಹಾಗಾಗಿ ಈ ಹುಡುಗಿಯನ್ನು ಧಾರೆ ಎರೆದುಕೊಡಬೇಕಾದವರು ನಾನು ಮತ್ತು ನನ್ನ ಹೆಂಡತಿ. ಅದು ಮೊದಲೇ ತೀರ್ಮಾನವಾಗಿತ್ತು. ನನಗೆ ಅದರ ಮೇಲೆ ಅಂಥ ಆಸೆ ಏನೂ ಇರಲಿಲ್ಲ. ಪಂಚೆ ಉಟ್ಟು ಹೊಗೆಯಲ್ಲಿ ಕೂರುವ ಕೆಲಸ. ನನಗೆ ಬೇಕಾಗಿದ್ದದ್ದು ಕಾರು.

ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಹೆಂಡತಿ ಕೇಳಿದಳು, "ರೀ, ನಿಮಗೆ ಕಾರ್ ಚೆನ್ನಾಗ್ ಕಾಣ್ಬೇಕೋ, ಅವ್ನ ಮುಖ ಬಾಡ್ಬೇಕೋ?"

"ಎರಡೂ" ಅಂದೆ.

ಆರ್‌ಟಿ ನಗರದಲ್ಲಿ ಒಬ್ಬ ಪೇಂಟರ್ ಗೊತ್ತಿದ್ದ. ಒಂದು ತಗಡಿನ ಶೆಡ್ಡು, ಒಂದು ಕಂಪ್ರೆಸರ್, ಬಾಗಿಲಲ್ಲಿ ಸದಾ ಒಂದು ಕುರಿ. ಅವನು ನನ್ನ ಬಾನೆಟ್ಟಿನ ಮೇಲೆ ಉಗುರು ಆಡಿಸಿ ಒಂದು ದೊಡ್ಡ ಸಿಪ್ಪೆ ಎಬ್ಬಿಸಿದ.

"ಸಾರ್, ಇದ್ರ ಮೇಲೇ ಹೊಡೆದ್ರೆ ಮುಂದಿನ ಯುಗಾದಿಗೆ ಮತ್ತೆ ಎದ್ಬರುತ್ತೆ. ಪೂರಾ ಕೆರೀಬೇಕು. ತಗಡು ಕಾಣೋ ತನ್ಕ."

"ಕೆರೀರಿ, ಯಾರ್ ಬೇಡ ಅಂದ್ರು."

"ಈಗಾ? ಆಯುಧಪೂಜೆ ಹತ್ರ ಬಂತಲ್ಲಾ ಸಾರ್. ಎಲ್ಲಾ ಆಟೋನೂ, ಎಲ್ಲಾ ಟೆಂಪೋನೂ ಪೂಜೆಗೆ ಹೊಸದಾಗ್ಬೇಕು. ಹಬ್ಬ ಆಗೋವರ್ಗೂ ನಂಗೆ ಟೀ ಕುಡಿಯೋಕೂ ಪುರ್ಸೊತ್ತಿಲ್ಲ. ಒಂದ್ ಕೆಲ್ಸ ಮಾಡಿ. ನಿಮ್ಗೆ ದಸರಾ ರಜಾ ಇದ್ಯಲ್ಲ, ಮನೇಲೇ ಕೆರೆದು ಪ್ರೈಮರ್ ಹಾಕ್ಕೊಂಡ್ ತನ್ನಿ. ಹಬ್ಬ ಆದ್ ತಕ್ಷಣ ನಿಮ್ದೇ ಮೊದ್ಲು ಎತ್ಕೋತೀನಿ."

ನಾನು ಹೆಬ್ಬಾಳದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವವನು. ನನ್ನ ಕೈ ಕೆರೆದಿದ್ದದ್ದು ಅಂದರೆ ಸೀದು ಹೋದ ಹಾಲಿನ ಪಾತ್ರೆ ಮಾತ್ರ. ಆದರೂ ಒಪ್ಪಿಕೊಂಡೆ. ಮದುವೆ ಕಾರ್ತಿಕದಲ್ಲಿ. ಬೇರೆ ದಾರಿ ಇರಲಿಲ್ಲ.

ರಜೆಯ ಮೊದಲ ದಿನ ಲುಂಗಿ ಕಟ್ಟಿ, ಒಂದು ಪುಟ್ಟಿ ಬ್ಲೇಡು, ಒಂದಷ್ಟು ಉಪ್ಪುಕಾಗದ ಹಿಡಿದು ರಸ್ತೆಗಿಳಿದೆ. ಸಿಪ್ಪೆ ಎದ್ದಿದ್ದ ಕಡೆ ಸಲೀಸಾಗಿ ಬಂತು. ಮಿಕ್ಕ ಕಡೆ ಅದೇ ಪೇಂಟು ಬ್ಲೇಡಿಗೆ ಜಗ್ಗುವುದೇ ಇಲ್ಲ. ಇಷ್ಟು ವರ್ಷ ಬೀಳುತ್ತಾ ಬಂದಿದ್ದು, ಈಗ ಬೀಳು ಅಂದರೆ ಹಟ ಹಿಡಿದು ಕೂತಿತು. ಮಧ್ಯಾಹ್ನದ ಹೊತ್ತಿಗೆ ಊಟದ ತಟ್ಟೆಯಷ್ಟು ಜಾಗ ಮಾತ್ರ ಬೆಳ್ಳಗಾಗಿತ್ತು. ವಾಕಿಂಗ್ ಹೋಗುವ ಎದುರುಮನೆ ರಿಟೈರ್ಡ್ ಮೇಷ್ಟ್ರು ನಿಂತು ನೋಡಿ, "ಏನ್ರೀ, ಕಾರಿಗೆ ಕನ್ನಡಿ ಕೂರಿಸ್ತಿದೀರಾ?" ಅಂದರು.

ಮಾರನೇ ಬೆಳಗ್ಗೆ ಬಾಗಿಲು ತೆಗೆದರೆ ಷಡ್ಡಕ ನಿಂತಿದ್ದಾನೆ. ಹಳೇ ಅಂಗಿ, ಹಳೇ ಪ್ಯಾಂಟು, ಕೈಯಲ್ಲಿ ಒಂದು ಚೀಲ. ನನ್ನ ಹೆಂಡತಿ ತಂಗಿಗೆ ಫೋನ್ ಮಾಡಿದ್ದಳು.

"ಭಾವ, ಬರೀ ಬ್ಲೇಡಲ್ಲಿ ಕೆರೀತಿದೀರಂತೆ. ದೀಪಾವಳಿಗೂ ಮುಗಿಯಲ್ಲ ಬಿಡಿ" ಅಂತ ನಗುತ್ತಾ ಚೀಲ ಬಿಚ್ಚಿದ. ರಿಮೂವರ್ ಡಬ್ಬ, ದಪ್ಪ ಕೈಗವಸು, ಕನ್ನಡಕ, ಅಗಲ ಬ್ಲೇಡುಗಳು. ಎಲ್ಲ ಎರಡೆರಡು. ನನಗೂ ಸೇರಿಸಿ ತಂದಿದ್ದ.

ಬೇಡ ಅನ್ನಬೇಕಿತ್ತು. "ಕಾಫಿ ಕುಡಿ ಬಾ" ಅಂದೆ.

ರಿಮೂವರ್ ಅಂದರೆ ಅಂಟಂಟು ಲೋಳೆಯಂಥ ಮದ್ದು. ಬ್ರಷ್ಷಿನಲ್ಲಿ ಬಳಿದು ಸ್ವಲ್ಪ ಹೊತ್ತು ಬಿಟ್ಟರೆ ಪೇಂಟು ಕೆನೆಗಟ್ಟಿದ ಹಾಲಿನ ಹಾಗೆ ಸುಕ್ಕುಗಟ್ಟಿ ತಾನೇ ಮೇಲೇಳುತ್ತದೆ. ಚರ್ಮಕ್ಕೆ ತಾಕಿದರೆ ಬೆಂಕಿ. ಅವನು ಟಾಪಿನ ಕಡೆ, ನಾನು ಬಾನೆಟ್ಟಿನ ಕಡೆ. ಅವನು ಬ್ಲೇಡನ್ನು ಮಲಗಿಸಿ ದೂಡಿದರೆ ಮೊಣಕೈ ಉದ್ದದ ಕೆಂಪು ಪಟ್ಟಿ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ನಾನು ದೂಡಿದರೆ ಚೂರು ಚೂರು. ಓರೆಗಣ್ಣಿನಲ್ಲಿ ನೋಡಿ ಅವನ ಹಾಗೇ ಬ್ಲೇಡು ಮಲಗಿಸಿದೆ, ಚೆನ್ನಾಗಿ ಬಂತು. ಅವನು ಗಮನಿಸಿದ. ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ಭಾವ, ಇಲ್ಲಿ ನೋಡಿ. ಕೆಂಪಿನ ಕೆಳಗೆ ಇನ್ನೊಂದ್ ಕೆಂಪಿದೆ."

ಹೋಗಿ ನೋಡಿದೆ. ಮೇಲಿನ ಕೆಂಪು ಎದ್ದ ಕಡೆ ಸ್ವಲ್ಪ ಗಾಢವಾದ ಹಳೇ ಕೆಂಪು.

"ಯಾರೋ ಹಳೇ ಪೇಂಟ್ ತೆಗೀದೇನೆ ಮೇಲೆ ಹೊಡ್ದಿದಾರೆ. ಅದಕ್ಕೇ ಸಿಪ್ಪೆ ಎದ್ದಿರೋದು. ನಿಮ್ಗೆ ಮಾರೋಕ್ ಮುಂಚೆ ಮಾಡಿರ್ಬೇಕು."

"ಗೊತ್ತಿತ್ತು ನಂಗೆ" ಅಂದೆ. ಗೊತ್ತಿರಲಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಈ ಕಾರು ಕೊಂಡ ದಿನದಿಂದ ಅದೆಷ್ಟು ಮದುವೆ ಮುಂಜಿಗಳಲ್ಲಿ, ಮುಖ್ಯವಾಗಿ ಇವನ ಎದುರಲ್ಲೇ, "ಇನ್ನೂ ಕಂಪನಿ ಪೇಂಟು, ಒಂದ್ ಕಡೆ ಮುಟ್ಟಿಸಿಲ್ಲ" ಅಂತ ಕೊಚ್ಚಿಕೊಂಡಿದ್ದೆನೋ. ಅವನಿಗೂ ಅದು ನೆನಪಿದ್ದಿರಬೇಕು. ತುಟಿ ಒಳಗೆ ಎಳೆದುಕೊಂಡು ಮತ್ತೆ ಕೆರೆಯಲು ಶುರು ಮಾಡಿದ. ಎಡಗಡೆ ಬಾಗಿಲಿನಲ್ಲಿ ರೊಟ್ಟಿ ದಪ್ಪಕ್ಕೆ ಪುಟ್ಟಿ ಸಿಕ್ಕಿತು. ಯಾವಾಗಲೋ ಗುದ್ದಿಸಿಕೊಂಡ ಬಾಗಿಲು. ಒಂದೊಂದು ಪದರು ಹೋದಾಗಲೂ ಅವನ ಮುಂದೆ ನಾನೇ ಅಂಗಿ ಬಿಚ್ಚಿ ನಿಂತ ಹಾಗಾಗುತ್ತಿತ್ತು.

ಸಂಜೆ ಮೇಷ್ಟ್ರು ಮತ್ತೆ ಬಂದರು. ಅಷ್ಟರಲ್ಲಿ ಟಾಪು, ಬಾನೆಟ್ಟು, ಒಂದು ಪಕ್ಕ ಬರೀ ತಗಡು.

"ಪರವಾಗಿಲ್ವೇ. ಯಾರ್ರೀ ಇವ್ರು, ಕೆಲ್ಸ ಚೆನ್ನಾಗ್ ಗೊತ್ತು ಕಣ್ರೀ."

"ನಮ್ ಷಡ್ಡಕ" ಅಂದೆ.

"ಅದೃಷ್ಟವಂತ್ರು ನೀವು. ನಮ್ ಷಡ್ಡಕ ಇದಾನೆ, ಹೆಣ ಎತ್ತೋಕ್ ಕರೆದ್ರೂ ಊಟದ್ ಹೊತ್ತಿಗೆ ಬರ್ತಾನೆ."

ಇನ್ನೆರಡು ದಿನ ಅವನು ಕಾರ್ಖಾನೆ ಮುಗಿಸಿಕೊಂಡು ಬಂದ. ಆಯುಧಪೂಜೆಯ ಹಿಂದಿನ ಸಂಜೆ ಕಾರು ಪೂರ್ತಿ ಬೆತ್ತಲಾಯಿತು. ಥಿನ್ನರಿನಲ್ಲಿ ಒರೆಸಿದ ಮೇಲೆ ಇಳಿಬಿಸಿಲಿಗೆ ತಗಡು ಫಳಫಳ ಅನ್ನುತ್ತಿತ್ತು. ಇಬ್ಬರೂ ಕಾಂಪೌಂಡಿಗೆ ಒರಗಿ ನೋಡಿದೆವು. ನಿಜಕ್ಕೂ ಚೆಂದವಿತ್ತು.

"ನಾಳೆ ಫ್ಯಾಕ್ಟ್ರಿ ಪೂಜೆ ಮುಗಿಸ್ಕೊಂಡು ಮಧ್ಯಾಹ್ನ ಬರ್ತೀನಿ ಭಾವ. ಪ್ರೈಮರ್ ಹೊಡ್ದುಬಿಡೋಣ. ಅಲ್ಲೀವರ್ಗೂ ಯಾರೂ ಬರಿಗೈಲಿ ಮುಟ್ಬೇಡಿ. ನೀರಂತೂ ಬೀಳ್ಲೇಬಾರ್ದು."

ಸರಿ ಅಂದೆ. ಹೆಂಡತಿಗೂ ಹೇಳಿದೆ. ಆದರೆ ಹಬ್ಬಕ್ಕೆ ಅಂತ ಅತ್ತೆ ನಮ್ಮನೆಗೆ ಬಂದಿದ್ದರು. ಬೆಳಗ್ಗೆ ನಾನು ಬಾಳೆಕಂದು ತರಲು ಹೋಗಿ ಬರುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಬಾನೆಟ್ಟಿನ ಮೇಲೆ ಒದ್ದೆ ಗಂಧ, ಕುಂಕುಮ. ಬಾಗಿಲುಗಳ ಮೇಲೆ ಅರಿಶಿನದ ಅಂಗೈ ಗುರುತುಗಳು. ನೆತ್ತಿಯ ಮೇಲೆ ಚೆಂಡು ಹೂವು. ಅತ್ತೆ ಕಾಯಿ ಒಡೆದು ನೀರನ್ನೆಲ್ಲ ಧಾರಾಳವಾಗಿ ಬಾನೆಟ್ಟಿಗೆ ಪ್ರೋಕ್ಷಣೆ ಮಾಡಿದ್ದರು.

"ಅತ್ತೆ, ಮುಟ್ಬಾರ್ದು ಅಂತ ಇವ್ಳಿಗೆ ಹೇಳಿದ್ನಲ್ಲ."

"ಪೂಜೆ ಮಾಡೋಕೂ ಮುಟ್ಬಾರ್ದೇನ್ರೀ? ವರ್ಷಕ್ಕೊಂದಿನ. ಪಾಪ, ಮೈಮೇಲೆ ಬಟ್ಟೆ ಇಲ್ದೆ ನಿಂತಿದೆ. ಅರಿಶಿನ ಕುಂಕುಮಾನೂ ಬೇಡ್ವಾ?"

ಬಟ್ಟೆಯಲ್ಲಿ ಒರೆಸಿದೆ. ಮಧ್ಯಾಹ್ನದ ಹೊತ್ತಿಗೆ ಕಾಯಿನೀರು ಹರಿದ ಕಡೆಯೆಲ್ಲ ಕಂದು ಗೆರೆ. ಅತ್ತೆಯ ಅಂಗೈ ಇಟ್ಟ ಕಡೆ ಐದೂ ಬೆರಳಿನ ತುಕ್ಕು. ಷಡ್ಡಕ ಬಂದು ನೋಡಿದ. ನಾನು ಒಳಗೊಳಗೇ ಕಾಯುತ್ತಿದ್ದೆ, ಈಗಲಾದರೂ ಇವನಿಗೆ ಸಿಟ್ಟು ಬರಲಿ, ಅದೂ ಅತ್ತೆಯ ಮೇಲೆ ಬರಲಿ ಅಂತ. ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನತ್ತೆ, ಹುಡುಗೀಗಿಂತ ಮುಂಚೆ ಕಾರಿಗೆ ಅರಿಶಿನ ಹಚ್ಚೋ ಶಾಸ್ತ್ರ ಮಾಡ್ಬಿಟ್ರಾ" ಅಂದ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಆ ಮನೆಗೆ ಅಳಿಯನಾಗಿ ಬಂದಾಗಿನಿಂದ ಎಷ್ಟೋ ಜೋಕು ಹೇಳಿದ್ದೇನೆ. ಒಂದಕ್ಕೂ ಹಾಗೆ ನಕ್ಕವರಲ್ಲ. ಅವನು ಉಪ್ಪುಕಾಗದ ತೆಗೆದುಕೊಂಡು ಆ ಬೆರಳುಗಳನ್ನು ಒಂದೊಂದಾಗಿ ಉಜ್ಜಿ ತೆಗೆದ. ಸಂಜೆಯೊಳಗೆ ಪ್ರೈಮರ್ ಆಯಿತು. ಕಾರು ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗೆ ಕಂಡಿತು.

ಆರ್‌ಟಿ ನಗರದ ಪೇಂಟರ್ ಮಾತಿಗೆ ತಪ್ಪಲಿಲ್ಲ. ಗಾಜಿಗೆಲ್ಲ ಪೇಪರ್ ಅಂಟಿಸಿ, ಕೋಟಿನ ಮೇಲೆ ಕೋಟು ಹೊಡೆದು, ಉಜ್ಜಿ, ಪಾಲಿಷ್ ಮಾಡಿ ಕೊಟ್ಟ. ತರಲು ಹೋದ ದಿನ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ದಾಳಿಂಬೆ ಕಾಳಿನ ಕೆಂಪು. ಬಾನೆಟ್ಟಿನಲ್ಲಿ ಟ್ಯೂಬ್‌ಲೈಟು, ಪೇಂಟರ್, ಕುರಿ, ನಾನು, ಎಲ್ಲ ಕಾಣುತ್ತಿದ್ದೆವು.

"ಕೆರೆದಿರೋದ್ ಯಾರ್ ಸಾರ್? ಒಂದ್ ಗೀರಿಲ್ಲ. ನಂಗೆ ಕೆಲ್ಸಾನೇ ಇರ್ಲಿಲ್ಲ."

"ನಾವೇ" ಅಂದೆ. ನಾನೇ ಅಂತ ಬಾಯಿಗೆ ಬಂದಿತ್ತು. ಯಾಕೋ ಹಾಗಂದೆ.

ನೇರ ಯಲಹಂಕಕ್ಕೆ ಓಡಿಸಿದೆ. ಅತ್ತೆ ಹೊರಗೆ ಬಂದು ಕಾರನ್ನು ಒಂದು ಸುತ್ತು ಸುತ್ತಿದರು. ಈ ಸಲ ಕೈ ಹಿಂದೆ ಕಟ್ಟಿಕೊಂಡಿದ್ದರು.

"ಹಂಗಾದ್ರೆ ಹುಡುಗಿ ದೊಡ್ಡಳಿಯಂದ್ರ ಕಾರಲ್ಲೇ ಬರ್ಲಿ" ಅಂದರು.

ಆ ಸಂಜೆ ನನ್ನಷ್ಟು ಸುಖಿ ಬೆಂಗಳೂರಿನಲ್ಲಿ ಯಾರೂ ಇರಲಿಲ್ಲ. ಕಾರಿಗೆ ಕವರ್ ಕೊಂಡೆ. ಮಕ್ಕಳು ಹತ್ತಿರ ಬಂದರೆ ಗದರಿದೆ. ರಾತ್ರಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಮದುವೆ ನಡೆಯಲಿದ್ದ ಯಶವಂತಪುರದ ಛತ್ರದ ಬಾಗಿಲು, ಓಲಗ, ಬ್ರೇಕು, ಜನ. ಷಡ್ಡಕ ಆ ಜನದ ಮಧ್ಯೆ ಎಲ್ಲೋ ಹಿಂದೆ ನಿಂತು ಕತ್ತು ಉದ್ದ ಮಾಡುತ್ತಿರುತ್ತಿದ್ದ. ದಿನಾ ರಾತ್ರಿ ಅವನನ್ನು ಇನ್ನೊಂದು ಸಾಲು ಹಿಂದಕ್ಕೆ ದೂಡುತ್ತಿದ್ದೆ.

ಚಪ್ಪರದ ದಿನ ಪುರೋಹಿತರು ಬಂದರು. ಪೂಜೆಯೆಲ್ಲ ಆದ ಮೇಲೆ ಮಾರನೇ ದಿನದ ಲೆಕ್ಕಾಚಾರ ಹೇಳತೊಡಗಿದರು.

"ಗಂಡಿನ ಕಡೆಯೋರು ಮಧ್ಯಾಹ್ನಾನೇ ಬಂದಿಳೀತಾರೆ. ಧಾರೆ ಎರೆಯೋ ದಂಪತಿಗಳು ಅವ್ರಿಗಿಂತ ಮುಂಚೆ ಛತ್ರದ ಬಾಗಿಲಲ್ಲಿರ್ಬೇಕು. ಎದುರುಗೊಂಡು, ವರನ ಕಾಲು ತೊಳೆದು ಒಳಗೆ ಕರ್ಕೋಬೇಕು. ಹುಡುಗಿ ರಾಹುಕಾಲ ಕಳೆದ್ಮೇಲೆ ನಿಧಾನಕ್ಕೆ ಬರ್ಲಿ."

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

"ನಾನು ಎದುರುಗೊಂಡು, ಮತ್ತೆ ಯಲಹಂಕಕ್ಕೆ ಬಂದು ಹುಡುಗೀನ ಕರ್ಕೊಂಡ್ ಹೋಗ್ತೀನಿ ಸ್ವಾಮಿ. ಎಷ್ಟೊತ್ತಿನ ಕೆಲ್ಸ."

"ಕಂಕಣ ಕಟ್ಟಿಸ್ಕೊಂಡ್ ಮೇಲೆ ಎಲ್ಲೆ ದಾಟೋ ಹಾಗಿಲ್ಲ. ಮದುವೆ ಮುಗಿಯೋವರ್ಗೂ ನೀವು ಛತ್ರ ಬಿಡೋಹಾಗಿಲ್ಲ."

"ಮತ್ತೆ ಕಾರು?"

"ಕಾರಿಗೇನ್ರೀ, ಯಾರೋ ಓಡಿಸ್ತಾರೆ" ಅಂದರು ಪುರೋಹಿತರು ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ.

ಯಾರೋ ಅಂದರೆ ಯಾರು. ಆ ಮನೆಯಲ್ಲಿ ಕಾರು ಓಡಿಸಲು ಬರುವವರು ಇಬ್ಬರೇ. ಎಲ್ಲರೂ ಷಡ್ಡಕನ ಕಡೆ ತಿರುಗಿದರು. ಅವನು ನನ್ನ ಕಡೆ ನೋಡಿದ. ನಾನು ಚಪ್ಪರದ ಗರಿ ನೋಡುತ್ತಿದ್ದೆ.

ಮಾರನೇ ದಿನ ಕೀಲಿಕೈ ಅದಲುಬದಲಾಯಿತು. ನನ್ನದನ್ನು ಅವನಿಗೆ ಕೊಟ್ಟೆ. "ಗೇರ್ ಸ್ವಲ್ಪ ಬಿಗಿ ಇದೆ, ಕ್ಲಚ್ ಪೂರ್ತಿ ಒತ್ತು" ಅಂದೆ. "ಗೊತ್ತು ಭಾವ" ಅಂದ. ಅವನ ಬೆಳ್ಳಿ ಕಾರಿನಲ್ಲಿ ನಾನು, ಹೆಂಡತಿ, ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಮೂಟೆ, ಪಾನಕದ ಕೊಳಗ, ಕಳಶದ ಬುಟ್ಟಿ. ಯಲಹಂಕದಿಂದ ಹೆಬ್ಬಾಳಕ್ಕೆ ಬರುವವರೆಗೂ ಆ ಕಾರಿನಲ್ಲಿ ಒಂದು ಹುಳುಕು ಸಿಗಲಿ ಅಂತ ಹುಡುಕಿದೆ. ಒಂದು ಕಿರಿಕ್ ಸದ್ದಿಲ್ಲ. ಸ್ಟೇರಿಂಗು ಒಂದೇ ಬೆರಳಿಗೆ ತಿರುಗುತ್ತದೆ. ಹಂಪಿನ ಮೇಲೆ ಬೇಕೆಂದೇ ಜೋರಾಗಿ ಹತ್ತಿಸಿದೆ. ಪಾನಕ ಕೂಡ ತುಳುಕಲಿಲ್ಲ.

"ಕಾರೇನ್ ತಪ್ ಮಾಡಿದೆ, ಅದಕ್ಯಾಕ್ ಒದೀತಿ" ಅಂದಳು ಹೆಂಡತಿ. ಸಿಟ್ಟು ಬಂದಾಗ ಅವಳ 'ರೀ' ಹೋಗಿಬಿಡುತ್ತದೆ.

ಗಂಡಿನ ಕಡೆಯವರು ಬಂದರು. ಎದುರುಗೊಂಡೆವು, ಪಾನಕ ಕೊಟ್ಟೆವು, ಹುಡುಗನ ಕಾಲು ತೊಳೆದೆವು. ಕೈಗೆ ಕಂಕಣ ಬಿತ್ತು. ಎಲ್ಲರೂ ಛತ್ರದ ಬಾಗಿಲಲ್ಲೇ ಹರಟೆ ಹೊಡೆಯುತ್ತಾ ನಿಂತಿದ್ದಾಗ ಕೆಂಪು ಕಾರು ತಿರುವಿನಲ್ಲಿ ಕಾಣಿಸಿತು.

ನಿಜವಾಗಿ ಹೇಳುತ್ತೇನೆ, ನನ್ನ ಕಾರು ಓಡುವಾಗ ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ನಾನು ನೋಡಿದ್ದು ಅವತ್ತೇ. ಬಿಳಿ ಸುಗಂಧರಾಜದ ಹಾರ, ಅದರ ಕೆಳಗೆ ಆ ಕೆಂಪು. ಸುತ್ತ ಮೆಟ್ರೋ ಕೆಲಸದ ಧೂಳಿನಲ್ಲಿ ಮಿಕ್ಕ ಗಾಡಿಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು, ಅದೊಂದು ಮಾತ್ರ ಉರಿಯುತ್ತಾ ಬಂತು. ಓಲಗದವರು ಜೋರಾಗಿ ಊದಿದರು. ಷಡ್ಡಕ ಮೆಲ್ಲಗೆ, ಹುಡುಗಿಯ ಹೂವು ಕೂಡ ಅಲುಗದ ಹಾಗೆ ಬ್ರೇಕ್ ಹಾಕಿದ. ಜನ ಸುತ್ತುವರಿದರು. ನಾನು ಬಾಗಿಲಲ್ಲಿ, ಪೇಟ ಕಟ್ಟಿಕೊಂಡು, ಪಂಚೆಯ ಅಂಚು ಒದ್ದೆಯಾಗಿ, ಕೈಯಲ್ಲಿ ಪಾನಕದ ಲೋಟ ಹಿಡಿದು ನಿಂತಿದ್ದೆ. ಜನರ ತಲೆಗಳ ಮೇಲೆ ಕತ್ತು ಉದ್ದ ಮಾಡಿ ನೋಡುತ್ತಿದ್ದವನು ನಾನು.

ಹುಡುಗನ ಸೋದರಮಾವ ಕಾರಿನ ಟಾಪಿನ ಮೇಲೆ ಕೈಯಾಡಿಸಿ, "ಏನ್ರೀ ನಿಮ್ ಕಾರು, ಶೋರೂಮಿಂದ ಈಗ್ ತಂದಂಗಿದೆ" ಅಂದರು ಷಡ್ಡಕನಿಗೆ.

"ನಂದಲ್ಲ ಸಾರ್, ನಮ್ ಭಾವಂದು" ಅಂತ ಅವನು ನನ್ನ ಕಡೆ ಕೈ ತೋರಿಸಿದ. ಎಲ್ಲರಿಗೂ ಕೇಳುವ ಹಾಗೆ. "ಅವ್ರೇ ಕೂತು ಪೂರಾ ಪೇಂಟ್ ಕೆರೆದಿದ್ದು. ನಾನ್ ಸುಮ್ನೆ ಕೈ ಹಾಕ್ದೆ ಅಷ್ಟೆ."

ಅಷ್ಟು ಹೊತ್ತಿಗೆ ಜನರ ಕಣ್ಣು ನನ್ನ ಕಡೆ ತಿರುಗಿತು, ಒಪ್ಪಿದೆ. ಆದರೆ ಎಷ್ಟು ಹೊತ್ತು. ಸೋದರಮಾವ ಅತ್ತೆಯ ಕಡೆ ವಾಲಿ, "ಎಷ್ಟ್ ವಿನಯ ನೋಡಿ ಇವ್ರಿಗೆ" ಅಂದರು. ಅತ್ತೆ, "ಚಿನ್ನದಂಥ ಅಳಿಯ" ಅಂದರು. ಕಾರಿನ ಹೊಗಳಿಕೆ ನನಗೆ ಬಂತು. ಮನುಷ್ಯನ ಹೊಗಳಿಕೆ ಅವನಿಗೆ ಹೋಯಿತು. ಅದು ಅವನ ಲೆಕ್ಕಾಚಾರವೂ ಅಲ್ಲ, ಅವನು ಇರುವುದೇ ಹಾಗೆ. ಅದಕ್ಕೇ ಇನ್ನೂ ಉರಿಯುತ್ತಿತ್ತು.

ಮಾರನೇ ಬೆಳಗ್ಗೆ ಮುಹೂರ್ತ. ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟು, ನನ್ನ ಹೆಂಡತಿ ಹಾಲು ನೀರು ಬಿಡುತ್ತಿದ್ದರೆ ನಾನು ಕೆಳಗೆ ಕೈ ಹಿಡಿದಿದ್ದೆ. ಅತ್ತೆ ಕಂಬಕ್ಕೆ ಒರಗಿ ಅಳುತ್ತಿದ್ದರು. ಇಡೀ ಛತ್ರ ಎದ್ದು ನಿಂತು ನಮ್ಮನ್ನೇ ನೋಡುತ್ತಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ, ಕಾರಿಗೆ ಯಾರಾದರೂ ಒರಗಿ ನಿಂತಿದ್ದಾರಾ ಅಂತ.

ಊಟದ ಗಲಾಟೆ ಶುರುವಾದಾಗ ಛತ್ರದ ಹಿಂಭಾಗಕ್ಕೆ ಹೋದೆ. ಕಾರು ಅಲ್ಲೇ ನಿಂತಿತ್ತು. ಷಡ್ಡಕ ರೇಷ್ಮೆ ಅಂಗಿಯ ತೋಳು ಮಡಚಿ ಬಾನೆಟ್ಟಿನ ಮೇಲೆ ಬಗ್ಗಿದ್ದ. ಹೂವಿನವನು ಹಾರ ಕಟ್ಟಲು ಪೇಂಟಿನ ಮೇಲೆಲ್ಲ ಟೇಪು ಅಂಟಿಸಿದ್ದ. ಷಡ್ಡಕ ಅಡುಗೆಯವರಿಂದ ಒಂದು ಬಟ್ಟಲು ಕೊಬ್ಬರಿ ಎಣ್ಣೆ ಇಸಿದುಕೊಂಡು, ಬೆರಳಲ್ಲಿ ಅದ್ದಿ, ಟೇಪಿನ ಅಂಚಿಗೆ ಹಚ್ಚಿ, ನಿಧಾನವಾಗಿ ಬಿಡಿಸುತ್ತಿದ್ದ.

"ಹೊಸ ಪೇಂಟಲ್ವಾ ಭಾವ. ಸರಕ್ಕನೆ ಎಳೆದ್ರೆ ಟೇಪಿನ್ ಜೊತೆ ಬಂದ್ಬಿಡುತ್ತೆ."

"ಊಟ ಮಾಡ್ಲಿಲ್ವಾ?"

"ಮಾಡಣ ಬಿಡಿ, ಎಲ್ಲಿ ಹೋಗುತ್ತೆ." ಒಂದು ಟೇಪು ಬಿಡಿಸಿ ಬೆರಳಿಗೆ ಸುತ್ತಿಕೊಂಡ. ತಲೆ ಎತ್ತಲಿಲ್ಲ. "ಭಾವ, ಒಂದ್ ಮಾತ್ ಹೇಳ್ತೀನಿ, ತಪ್ ತಿಳ್ಕೋಬೇಡಿ. ನೀವು ಧಾರೆ ಎರೀತಿದ್ರಲ್ಲ, ನಂಗೆ ನೋಡೋಕಾಗ್ಲಿಲ್ಲ. ಹೊಟ್ಟೆ ಉರೀತು. ಅದಕ್ಕೇ ಇಲ್ಲಿಗ್ ಬಂದೆ."

"ಏನಯ್ಯ ಹೊಟ್ಟೆ ಉರಿಯೋಕೆ ಅದರಲ್ಲಿ?"

"ನಂಗಿರೋದು ಎರಡೂ ಗಂಡು. ಒಂದ್ ಹುಡುಗೀನ ಧಾರೆ ಎರೆದು ಕೊಡೋ ಯೋಗ ನಂಗಿಲ್ವಲ್ಲ. ನಿಮ್ಗೆ ಮಗಳಿದಾಳೆ, ಇನ್ನೊಂದ್ಸಲ ಸಿಗುತ್ತೆ. ಇದ್ನ ನಂಗೆ ಕೊಟ್ಟಿದ್ರೆ ಏನಾಗ್ತಿತ್ತು ಅನ್ನಿಸ್ತು. ಅತ್ತೆ ಕೇಳ್ಲೂ ಇಲ್ಲ. ದೊಡ್ಡಳಿಯ ಅಂದ್ರೆ ದೊಡ್ಡಳಿಯ."

ನಾನು ಬಟ್ಟಲಿನಿಂದ ಎಣ್ಣೆ ಬೆರಳಿಗೆ ತೆಗೆದುಕೊಂಡು ಇನ್ನೊಂದು ಕಡೆಯ ಟೇಪಿಗೆ ಹಚ್ಚತೊಡಗಿದೆ. ಮೋರೆ ಗಂಭೀರವಾಗಿ ಇಟ್ಟುಕೊಂಡಿದ್ದೆ. ಒಳಗೆ ಮಾತ್ರ ಲಡ್ಡು ಒಡೆದ ಹಾಗಾಗಿತ್ತು. ನಾನು ಅವನ ಮೇಲೆ ಉರಿದುಕೊಂಡ ಅಷ್ಟೂ ದಿನಕ್ಕೆ ಅವನು ಒಂದೇ ಒಂದು ದಿನ ನನ್ನ ಮೇಲೆ ಉರಿದುಕೊಂಡ ಅನ್ನುವುದು ನನಗೆ ಸಾಕಾಗಿತ್ತು. ಅವತ್ತು ಎರಡನೇ ಸಲ ಚಿರೋಟಿ ಹಾಕಿಸಿಕೊಂಡು ಊಟ ಮಾಡಿದೆ. ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು.

ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ವಾರ ಕಳೆದ ಮೇಲೆ ಕಾರಿಗೆ ಕವರ್ ಹೊದಿಸುತ್ತಿದ್ದಾಗ ಒಂದು ಅನುಮಾನ ಬಂತು. ಅವನು ನಿಜವಾಗಿ ಹೊಟ್ಟೆ ಉರಿದುಕೊಂಡಿದ್ದನಾ? ಇಲ್ಲಾ, ಹಿಂದಿನ ಮಧ್ಯಾಹ್ನ ಛತ್ರದ ಬಾಗಿಲಲ್ಲಿ ನನ್ನ ಮುಖ ನೋಡಿ, ಭಾವನಿಗೆ ಸ್ವಲ್ಪ ಸಮಾಧಾನವಾಗಲಿ ಅಂತ ಹಾಗೆ ಹೇಳಿದನಾ? ಅವನು ಅಂಥವನೇ. ಹಾಗೇನಾದರೂ ಆಗಿದ್ದರೆ ಅಲ್ಲೂ ಅವನೇ ಗೆದ್ದ ಹಾಗಾಯಿತಲ್ಲ.

ಕೇಳಿಬಿಡು ಅಂತ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಕೇಳಿಲ್ಲ. ನಿಜ ಅಂದರೂ ನಂಬಲ್ಲ, ಸುಳ್ಳು ಅಂದರೂ ನಿದ್ದೆ ಬರಲ್ಲ. ಆ ಕಾರನ್ನು ಆಮೇಲೆ ಮಾರಿದೆ. ಪೇಂಟು ಮಾತ್ರ ಕೊನೇವರೆಗೂ ಎಲ್ಲೂ ಏಳಲಿಲ್ಲ. ತಗಡಿನ ತನಕ ಕೆರೆದು ಹೊಡೆಸಿದ ಪೇಂಟು ಅದು. ಅರ್ಧ ನಾನು ಕೆರೆದದ್ದು. ಸರಿ, ಅರ್ಧಕ್ಕಿಂತ ಸ್ವಲ್ಪ ಕಮ್ಮಿ.

ನೀವೇ ಹೇಳಿ, ಅವತ್ತು ಅವನು ಹೇಳಿದ್ದು ನಿಜಾನಾ, ಸುಳ್ಳಾ? ನಿಮ್ಮಲ್ಲೂ ಒಬ್ಬ ಒಳ್ಳೆಯ ಷಡ್ಡಕನೋ, ಒಳ್ಳೆಯ ಓರಗಿತ್ತಿಯೋ, ಒಳ್ಳೆಯ ಪಕ್ಕದ ಮನೆಯವನೋ ಇದ್ದು, ಅವರ ಒಳ್ಳೆಯತನವೇ ನಿಮ್ಮ ನಿದ್ದೆ ಕೆಡಿಸಿದ್ದರೆ ಕೆಳಗೆ ಬರೆಯಿರಿ. ಹೆಸರು ಹಾಕಬೇಡಿ, ಅವರೂ ಓದುತ್ತಿರುತ್ತಾರೆ. ನನ್ನ ಷಡ್ಡಕ ಇದನ್ನು ಓದೇ ಓದುತ್ತಾನೆ. ಓದಿ ಮೊದಲ ಲೈಕ್ ಕೂಡ ಅವನೇ ಒತ್ತುತ್ತಾನೆ, ನೋಡುತ್ತಿರಿ.